ತಿದಿಯಿಲ್ಲದ ಪೇಟಿ

ಹಾಡುವವರಿಗೆ ಶಾಲು ಹೊದಿಸುತ್ತಾರೆ, ಬಾರಿಸುವವರಿಗೆ ಹಾರ ಹಾಕುತ್ತಾರೆ, ಮೈಕು ಹಚ್ಚಿದವನ ಕೈಗೂ ಒಂದು ತೆಂಗಿನಕಾಯಿ ಬೀಳುತ್ತದೆ. ವಾದ್ಯ ರಿಪೇರಿ ಮಾಡಿದವನಿಗೆ ಸಿಗುವುದು ಒಂದೇ ಮಾತು: "ಇನ್ನೂ ಎಷ್ಟೊತ್ರೀ?" ಈ ಮಾತನ್ನು ಮೂವತ್ತು ವರ್ಷಗಳಿಂದ ಕೇಳುತ್ತಿರುವವನು ನಾನು. ಗಜೇಂದ್ರಗಡದಲ್ಲಿ ನನ್ನದೊಂದು ಸಣ್ಣ ಅಂಗಡಿ. ಕೆಲಸ ಹಾರ್ಮೋನಿಯಂ ರಿಪೇರಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ, ನನಗೆ ಪೇಟಿ ಮಾನಪ್ಪ ಎನ್ನುತ್ತಾರೆ. ರೋಣ, ಇಟಗಿ, ಪುರ್ತಗೇರಿ, ರಾಜೂರ, ಯಾವ ಊರಿನ ಭಜನಾ ಮೇಳದ ಪೇಟಿ ಕೆಮ್ಮಿದರೂ ಅದು ನನ್ನ ಕಟ್ಟೆ ಹತ್ತಲೇಬೇಕು. ಗಾಳಿ ತುಂಬುವ ತಿದಿ ಹರಿದಿದ್ದರೆ ಹೊಲಿಯುತ್ತೇನೆ, ರೀಡು ಕುಂಯ್‌ಗುಟ್ಟಿದರೆ ಕೆರೆದು ಸರಿಮಾಡುತ್ತೇನೆ, ಒಳಗೆ ಇಲಿ ಬಾಣಂತಿತನ ಮಾಡಿದ್ದರೆ ತಾಯಿ ಮಕ್ಕಳನ್ನು ಹಿತ್ತಲಿಗೆ ಬಿಟ್ಟು ಬರುತ್ತೇನೆ. ಇಷ್ಟು ವರ್ಷ ಪೇಟಿಗಳ ಹೊಟ್ಟೆಯೊಳಗೆ ಕೈಹಾಕಿ ಹಾಕಿ ನನಗೊಂದು ಭ್ರಮೆ ಬೆಳೆದುಬಿಟ್ಟಿತ್ತು. ಸಂಗೀತವೆಂದರೆ ಏನು ಎಂಬುದು ಈ ಮೂರು ತಾಲೂಕಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಈ ವಿಷಯ ಊರಿಗೆ ಗೊತ್ತಿರಲಿಲ್ಲ, ನನ್ನ ಹೆಂಡತಿ ನೀಲವ್ವಳಿಗಂತೂ ಗೊತ್ತಾಗುವ ಲಕ್ಷಣವೇ ಇರಲಿಲ್ಲ. ಆಕೆಗೆ ಸಂಗೀತವೆಂದರೆ ಕುಕ್ಕರಿನ ಸೀಟಿ. ಮೂರಾದರೆ ಎದ್ದು ಹೋಗಿ ಒಲೆ ಆರಿಸುತ್ತಾಳೆ.

ಹೀಗಿರುವಾಗ ಒಂದು ದಿನ ನರಗುಂದದಿಂದ ಫೋನು ಬಂತು. ಹೆಂಗಸಿನ ದನಿ, ಮೆತ್ತಗಿದ್ದರೂ ಖಡಕ್ಕು. "ಪೇಟಿ ಮಾನಪ್ಪನವರೇನ್ರಿ? ನಮ್ಮ ಮನ್ಯಾಗ ಒಂದು ಪಿಯಾನೋ ಅದ. ಮಳಿಗಾಲ ಮುಗದಾಗಿಂದ ಹತ್ತು ಹನ್ನೆರಡು ಪಟ್ಟಿ ಒತ್ತಿದ್ರ ಮ್ಯಾಲ ಏಳೂದಿಲ್ಲ. ನಿಮಗ ರಿಪೇರಿ ಬರ್ತದೇನು?" ನಾನು ಪಿಯಾನೋವನ್ನು ನೋಡಿದ್ದು ಹಳೆಯ ಸಿನಿಮಾಗಳಲ್ಲಿ ಮಾತ್ರ. ಅದರ ಮುಂದೆ ಕುಳಿತ ನಾಯಕ ಯಾವಾಗಲೂ ದುಃಖದಲ್ಲಿರುತ್ತಿದ್ದ. ಅದರ ರಿಪೇರಿ ಯಾರು ಮಾಡುತ್ತಾರೆ ಎಂದು ಯಾವ ಸಿನಿಮಾದಲ್ಲೂ ತೋರಿಸಿರಲಿಲ್ಲ. ಆದರೂ ನನ್ನ ಬಾಯಿ ನನ್ನನ್ನು ಕೇಳದೆ, "ಅಯ್ಯ, ಅದೇನ್ ದೊಡ್ಡ ಮಾತ್ರಿ ಬಾಯಾರ, ನಾಳೆ ಬರ್ತೀನಿ" ಎಂದುಬಿಟ್ಟಿತು. ಫೋನಿಟ್ಟ ಮೇಲೆ ನೀಲವ್ವ ಕೇಳಿದಳು. "ಜೀವಮಾನದಾಗ ಅದನ್ನ ಕಣ್ಲೆ ನೋಡೀರೇನು?" ನಾನು ಗಂಭೀರವಾಗಿ, "ಪೇಟಿ ಅಂದ್ರ ಪೇಟಿ. ಅದು ದೊಡ್ಡ ಪೇಟಿ, ಅಷ್ಟ" ಎಂದೆ. "ಹಂಗಾರ ಎಮ್ಮಿ ಅಂದ್ರ ದೊಡ್ಡ ಆಡು, ಹೌದಿಲ್ರಿ?" ಎಂದು ಆಕೆ ಒಳಗೆ ಹೋದಳು.

ಮರುದಿನ ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ರೋಣದಲ್ಲಿ ಬಸ್ಸು ಬದಲಿಸಿ ನರಗುಂದ ಮುಟ್ಟಿದೆ. ಫೋನು ಮಾಡಿದವರು ಡಾಕ್ಟರಬಾಯಿ; ನಮ್ಮ ಕಡೆ ಅಮ್ಮಾವ್ರಿಗೆ ಬಾಯಾರು ಎನ್ನುತ್ತಾರೆ. ಮೂವತ್ತೈದು ವರ್ಷ ಆ ಊರಿನಲ್ಲಿ ದವಾಖಾನೆ ನಡೆಸಿ ಈಗ ಬಾಗಿಲು ಹಾಕಿದ್ದರು. ಗಂಡ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಲ್ಲ. ಪಿಯಾನೋ ಇದ್ದದ್ದು ದವಾಖಾನೆಯ ಹಿಂದಿನ ಕಾಯುವ ಕೋಣೆಯಲ್ಲಿ. ಗೋಡೆಗುಂಟ ರೋಗಿಗಳ ಬೆಂಚುಗಳು ಇನ್ನೂ ಹಾಗೆಯೇ ಇದ್ದವು, 'ಉಗುಳಬೇಡಿ' ಎಂಬ ಬೋರ್ಡೂ ಇತ್ತು. ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ಪುಣೆಯಲ್ಲಿ ಡಾಕ್ಟರಕಿ ಓದುವಾಗ ಮನೆಯ ಪಕ್ಕದ ಒಬ್ಬ ಗೋವೆಯ ಮುದುಕಿಯ ಹತ್ತಿರ ಇವರು ಕಲಿತದ್ದಂತೆ. ಸಾಯುವಾಗ ಆಕೆ ಪಿಯಾನೋವನ್ನು ಇವರ ಹೆಸರಿಗೆ ಬಿಟ್ಟಳಂತೆ. ನಾನು ಎಲ್ಲ ತಿಳಿದವನಂತೆ ಹೂಂ ಹೂಂ ಎನ್ನುತ್ತ ಮುಂದಿನ ಹಲಗೆ ಬಿಚ್ಚಿದೆ. ಒಳಗೆ ತಿದಿ ಇರಲಿಲ್ಲ. ಹಿಂದಿನ ಹಲಗೆ ಬಿಚ್ಚಿದೆ, ಅಲ್ಲಿಯೂ ಇರಲಿಲ್ಲ. ಗಾಳಿಯಿಲ್ಲದೆ ಇದು ಉಸಿರಾಡುವುದು ಹೇಗೆ? ಕೊನೆಗೆ ಕೆಳಗೆ ಮಲಗಿ ಕಾಲೊತ್ತುವ ಪಟ್ಟಿಗಳ ಹಿಂದೆ ಬ್ಯಾಟರಿ ಬಿಟ್ಟು ಹುಡುಕುತ್ತಿರುವಾಗ ಡಾಕ್ಟರಬಾಯಿ ಬಗ್ಗಿ ಕೇಳಿದರು. "ಏನರ ಕಳೀತೇನ್ರಿ?" "ಏನಿಲ್ರಿ, ಒಂದ್ ಸ್ಕ್ರೂ ಬಿತ್ತ್ರಿ" ಎಂದೆ.

ಆದರೆ ನಮ್ಮದು ಬಡಿಗತನದ ಮನೆತನ. ಕಟ್ಟಿಗೆ ನನಗೆ ಸುಳ್ಳು ಹೇಳುವುದಿಲ್ಲ. ಒಂದು ಪಟ್ಟಿ ಒತ್ತಿದರೆ ಒಳಗೆ ಒಂದು ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿದು ಹಿಂದಕ್ಕೆ ಬೀಳುತ್ತದೆ, ಅಷ್ಟೇ ಇದರ ಗುಟ್ಟು ಎಂದು ಅರ್ಧ ಗಂಟೆಯಲ್ಲಿ ತಿಳಿಯಿತು. ಪಟ್ಟಿಗಳು ತೇವ ಕುಡಿದು ಉಬ್ಬಿದ್ದವು. ಬಿಸಿಲಿಗಿಟ್ಟು ಒಣಗಿಸಿ ಮರಳು ಕಾಗದದಲ್ಲಿ ತಿಕ್ಕಿದೆ. ಸುತ್ತಿಗೆಗಳ ತಲೆಗೆ ಹಚ್ಚಿದ್ದ ಉಣ್ಣೆಯನ್ನು ನುಸಿ ತಿಂದಿತ್ತು. ಡಾಕ್ಟರಬಾಯಿಯವರ ಹಳೆಯ ಕಂಬಳಿಯ ಅಂಚು ಕತ್ತರಿಸಿ ಅಂಟಿಸಿದೆ. ತಂತಿ ಬಿಗಿಯುವ ಚಾವಿ ಅವರ ಹತ್ತಿರವೇ ಇತ್ತು. ನಾನು ತಿರುಗಿಸಿದೆ, ಅವರು ಕಿವಿಗೊಟ್ಟು "ಇನ್ನ ಸ್ವಲ್ಪ… ಸಾಕು" ಎಂದರು. ಎರಡು ದಿನ ಹಿಡಿಯಿತು. ಎರಡನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಹಲಗೆ ಮುಚ್ಚಿ, "ಬಾರಿಸಿ ನೋಡ್ರಿ ಬಾಯಾರ" ಎಂದು ನಾನು ರೋಗಿಗಳ ಬೆಂಚಿನ ಮೇಲೆ ಕುಳಿತೆ.

ಇಲ್ಲಿ ನಮ್ಮ ಧಂದೆಯ ಒಂದು ಪದ್ಧತಿ ಹೇಳಬೇಕು. ರಿಪೇರಿಯಾದ ಪೇಟಿಯನ್ನು ಒಯ್ಯುವ ಮೊದಲು ಮೇಳದವರು ಅಲ್ಲಿಯೇ ಕುಳಿತು ಪರೀಕ್ಷೆ ಮಾಡುತ್ತಾರೆ. ಮೊದಲು ಅಲ್ಲೊಂದು ಇಲ್ಲೊಂದು ಪಟ್ಟಿ ಒತ್ತುವುದು, ಕೆಳಗಿನದೊಂದು, ಮೇಲಿನದೊಂದು, ಒಮ್ಮೆ ಎರಡು ಕೂಡಿಸಿ, ಒಮ್ಮೆ ಉದ್ದಕ್ಕೆ ಬೆರಳೆಳೆದು. ಎಲ್ಲ ಸರಿಯಿದೆ ಎಂದ ಮೇಲೆ ತಮ್ಮ ಮೇಳದ ಒಂದು ಪದವನ್ನು ಮೊದಲಿಂದ ಕೊನೆಯವರೆಗೆ ಹಾಡಬೇಕು. ಆಗಲೇ ಕೆಲಸ ಮುಗಿದಂತೆ. ಡಾಕ್ಟರಬಾಯಿ ಕೆಳಗಿನ ಒಂದು ಪಟ್ಟಿಯನ್ನು ಒತ್ತಿ ಅದು ಸಾಯುವತನಕ ಬಿಟ್ಟರು. ಸರಿ, ಪರೀಕ್ಷೆ ಶುರುವಾಯಿತು ಎಂದುಕೊಂಡೆ. ಆಮೇಲೆ ಮೇಲಿನ ಎರಡು, ತಡೆದು ತಡೆದು. ನಡುವೆ ಸುಮ್ಮನಾದರು. ಮತ್ತೆ ಎಡಗೈ ಒಂದು ಕಡೆ ನಡೆಯಿತು, ಬಲಗೈ ಬೇರೆ ಕಡೆ ಹೋಯಿತು; ಎರಡೂ ದೂರದಿಂದ ಒಂದನ್ನೊಂದು ನೋಡಿ ನಿಂತವು. ಒಮ್ಮೆಲೇ ಆಲಿಕಲ್ಲು ಬಿದ್ದ ಹಾಗೆ ಹತ್ತೂ ಬೆರಳು ಸುರಿದು, ಮತ್ತೆ ಒಂದೇ ದನಿ ಉಳಿಯಿತು. ತಾಳವಿಲ್ಲ, ಪಲ್ಲವಿಯಿಲ್ಲ, ಹೋದದ್ದು ತಿರುಗಿ ಬರುವುದಿಲ್ಲ. ಡಾಕ್ಟರಬಾಯಿ ಭಾಳ ಕಟ್ಟುನಿಟ್ಟಿನವರು, ಒಂದೊಂದೂ ಪಟ್ಟಿಯನ್ನು ಎಷ್ಟು ಚೊಕ್ಕ ನೋಡುತ್ತಿದ್ದಾರೆ ಎಂದು ನಾನು ಹಾಡಿಗಾಗಿ ಕಾದೆ. ಕಾಯುತ್ತ ಕಾಯುತ್ತ ನನಗೆ ಏನೋ ಆಯಿತು. ಕಿಟಕಿಯ ಗುಡ್ಡ ಮೆಲ್ಲಗೆ ನಮ್ಮೂರ ಗುಡ್ಡವಾಯಿತು, ಅದರ ಮೇಲಿನ ಗಾಳಿಯಂತ್ರದ ಮೂರು ರೆಕ್ಕೆಗಳು ಅವಸರವಿಲ್ಲದೆ ತಿರುಗಿದವು. ಎರೆಹೊಲದ ಬಿರುಕಿನಲ್ಲಿ ನಾನು ಚಿಕ್ಕವನಿದ್ದಾಗ ಕಳೆದುಕೊಂಡ ಗೋಲಿ ಕಂಡಿತು. ಅವ್ವ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡು ಮರೆತು ಬರೀ ಕಲ್ಲು ತಿರುಗಿಸುತ್ತಿದ್ದಳು. ಬಿಸಿಲು ಬೆಂಚಿನಿಂದ ಬೆಂಚಿಗೆ ಸರಿಯಿತು. ಎಚ್ಚರವಿತ್ತೋ ನಿದ್ದೆಯಿತ್ತೋ ದೇವರಿಗೇ ಗೊತ್ತು. ಅಷ್ಟು ಹಗುರಾಗಿ ನಾನು ಎಂದೂ ಕುಳಿತಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರಬಾಯಿ ಕೈಗಳನ್ನು ಮಡಿಲಿಗಿಟ್ಟುಕೊಂಡು ತಿರುಗಿದರು. ಮುಖ ಕೆಂಪಾಗಿತ್ತು. "ಹ್ಯಾಂಗಿತ್ರಿ?" ನಾನು ಬೆಚ್ಚಿ ಎದ್ದು, "ಎಲ್ಲಾ ಪಟ್ಟಿ ಬರೋಬ್ಬರಿ ಅದಾವ ನೋಡ್ರಿ ಬಾಯಾರ. ಇನ್ನ ಹಾಡ ಬಾರಿಸ್ರಿ!" ಎಂದೆ.

ಅವರು ಮೊದಲು ನಕ್ಕರು. ನಗುತ್ತ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುವುದು ನಿಲ್ಲಲಿಲ್ಲ. ಆಗ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಹಾಡ ಆತಲ್ರಿ ಮಾನಪ್ಪ," ಎಂದರು. "ಇದ ಅದು. ಒಂದು ಕಡೆ ಬರದಿಟ್ಟು ಬಾರಿಸೋ ಹೊಸಾ ನಮೂನಿ ಪಾಶ್ಚಾತ್ಯ ಶಾಸ್ತ್ರೀಯ ಅದ. ಇನ್ನೊಂದು ಕಡೆ ಅಮೇರಿಕಾದ ಜಾಝ್ ಅದ, ಅದರಾಗೂ ತಾಳಾ ಗೀಳಾ ಎಲ್ಲಾ ಬಿಟ್ಟು ಹೊಂಡೋ ಮಂದಿ ಇದ್ದಾರ. ನನ್ನದು ಎರಡರ ನಡುವ ಎಲ್ಲೋ ಅದ. ಒಬ್ಬಾಕಿನ ಕುಂತು, ಆ ಹೊತ್ತಿಗೆ ಕೈಗೆ ಬಂದದ್ದು. ನಾಳೆ ಕೇಳಿದ್ರ ಇದನ್ನ ನನಗೂ ಬಾರಸ್ಲಿಕ್ಕೆ ಬರೂದಿಲ್ಲ." ಆಮೇಲೆ ಬಲಗೈಯ ಎರಡು ಬೆರಳು ತೋರಿಸಿದರು. ಗಂಟುಗಳು ಉಬ್ಬಿ, ತುದಿ ಬಾಗಿದ್ದವು. "ಸಂಧಿವಾತ. ನಾನ ಡಾಕ್ಟರು, ನನಗ ಯಾರೂ ಸುಳ್ಳು ಹೇಳೂದು ಬ್ಯಾಡ. ಇನ್ನೊಂದು ವರ್ಷಕ್ಕ ಇವು ಮಾತು ಕೇಳೂದಿಲ್ಲ. ನಮ್ಮ ಮನಿಯವರು ನಾ ಕುಂತಕೂಡ್ಲೆ ಬಾಗಿಲಾ ಮುಚ್ಚತಿದ್ರು. ಇಷ್ಟು ವರ್ಷ ಊರಾಗ ಎಲ್ಲಾರ ಎದಿ ನಾ ಕೇಳೀನಿ. ಒಮ್ಮೆ ನನ್ನದು ಯಾರರ ಕುಂತು ಕೇಳಿದ್ರ ಸಾಕಾಗಿತ್ತು."

ಮುಕ್ಕಾಲು ಗಂಟೆ ನಾನು ಸ್ವರ್ಗದಲ್ಲಿದ್ದೆ ಎಂದು ಹೇಳಬಹುದಿತ್ತು. ಅದರ ಬದಲು ನನ್ನ ಬಾಯಿ ಮತ್ತೆ ತನ್ನ ಚಾಳಿ ತೋರಿಸಿತು. "ಕೇಳೋ ಮಂದೀನ ನಾ ಕರ್ಕೊಂಡು ಬರ್ತೀನ್ರಿ. ಮುಂದಿನ ಐತವಾರ. ಎಂತಾ ಮಂದಿ ಅಂತೀರಿ, ಸಂಗೀತಾ ಕುಡದ ಮಂದಿ!"

ಸಂಗೀತ ಕುಡಿದ ಮಂದಿ ಎಂದರೆ ನನಗೆ ಗೊತ್ತಿದ್ದದ್ದು ರಾಜೂರಿನ ಭಜನಾ ಮೇಳ ಒಂದೇ. ಮೇಳದ ಹಿರಿಯ ಶಿವಪ್ಪಜ್ಜ. ಎಂಬತ್ತರ ಹತ್ತಿರ ವಯಸ್ಸು, ತಾಳ ಹಿಡಿದರೆ ಸೂರ್ಯ ಕೂಡ ಲಯ ತಪ್ಪಬಾರದು ಎನ್ನುವ ಮನುಷ್ಯ. "ಯಾವ ರಾಗ?" ಎಂದು ಕೇಳಿದ. ರಾಗ ಇಲ್ಲ ಎಂದೆ. "ತಾಳ?" ಅದೂ ಇಲ್ಲ. "ಪದಾ ಯಾರ್ದು?" ಪದವೂ ಇಲ್ಲಜ್ಜ. ಶಿವಪ್ಪಜ್ಜ ನನ್ನ ಮುಖ ನೋಡಿ, "ಊಟ ಐತಿ?" ಎಂದ. ಊಟವಿದೆ ಎಂದೆ. ಹೀಗೆ ಆರು ಜನ ಒಪ್ಪಿದರು. ಆ ವಾರವೆಲ್ಲ ನಾನು ಅವರಿಗೆ ಪಾಠ ಹೇಳಿದೆ. ತಾಳ ತರಬಾರದು. ತೊಡೆ ತಟ್ಟಬಾರದು. ವಾಹ್ ವಾಹ್ ಅನ್ನಬಾರದು. ಕೆಮ್ಮು ಬಂದರೆ ನುಂಗಬೇಕು. ಹಾಡು ಯಾವಾಗ ಶುರು ಎಂದು ಯಾರಾದರೂ ಕೇಳಿದಿರೋ, ನಿಮ್ಮ ಮೇಳದ ಪೇಟಿಗೂ ನನಗೂ ಸಂಬಂಧ ಹರಿಯಿತು! ನನ್ನ ಬೆವರು ಯಾಕೆ ಸುರಿಯುತ್ತಿತ್ತು ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಒಂದು ಸಲ ಆಕೆಯನ್ನು ಅಳಿಸಿದವನು ನಾನು. ಇನ್ನೊಂದು ಸಲ ಆರು ಮಂದಿಯನ್ನು ಕರೆದೊಯ್ದು ಅಳಿಸಿದರೆ ನರಗುಂದದ ಬಸ್ಸನ್ನು ಹತ್ತುವ ಮುಖ ನನಗೆ ಉಳಿಯುತ್ತಿರಲಿಲ್ಲ.

ನನ್ನದೇ ತಯಾರಿಯೂ ನಡೆದಿತ್ತು. ಅಂಥ ಪಿಯಾನೋ ಬಾರಿಸುವವರನ್ನು ಫೋನಿನಲ್ಲಿ ಹುಡುಕಿ ಅಂಗಡಿಯಲ್ಲಿ ಕೇಳುತ್ತ ಕುಳಿತೆ. ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ. ಹಾಗೆ ಕೇಳಿದರೆ ಹೆಚ್ಚು ತಿಳಿಯುತ್ತದೆ ಎಂದು ನನಗೆ ಅನ್ನಿಸಿತ್ತು. ರಿಪೇರಿಗೆ ಬಂದ ಪೇಟಿಗಳ ಮೇಲೂ ಬೆರಳು ಅಡ್ಡಾಡತೊಡಗಿದವು. ಪುರ್ತಗೇರಿಯವರು ಬಂದು ನಿಂತು ಕೇಳಿ, ಇನ್ನೂ ಸರಿಯಾಗಿಲ್ಲವೆಂದು ಪೇಟಿಯನ್ನು ನನ್ನಲ್ಲಿಯೇ ಬಿಟ್ಟು ಹೋದರು. ನೀಲವ್ವ ಎರಡು ದಿನ ಸಹಿಸಿಕೊಂಡು ಮೂರನೆಯ ದಿನ, "ನಿಮ್ಮನ್ನ ಒಬ್ಬರನ್ನ ಅಲ್ಲಿಗೆ ಕಳಸೂದು ಛಲೋ ಅಲ್ಲ, ನಾನೂ ಬರ್ತೀನಿ" ಎಂದಳು. ನಿನಗೆ ಅದರೊಳಗಿನದು ಏನು ತಿಳಿಯುತ್ತದೆ ಎಂದೆ. "ಏನೂ ತಿಳೀದಿದ್ರೂ ಆ ಮಂದಿಗೆ ರೊಟ್ಟಿ ಕಟಗೊಂಡು ಬರಾಕ ಒಬ್ರು ಬೇಕಲ್ಲ" ಎಂದಳು. ಅದು ನಿಜವಾಗಿತ್ತು.

ಐತವಾರ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು, ಎರಡನೆಯ ಬಸ್ಸು ಹಿಡಿದು ನಾವು ಎಂಟು ಜನ ನರಗುಂದ ಸೇರಿದೆವು. ಡಾಕ್ಟರಬಾಯಿ ಇಳಕಲ್ಲ ಸೀರೆ ಉಟ್ಟಿದ್ದರು. ಎಲ್ಲರನ್ನೂ ಬೆಂಚಿನ ಮೇಲೆ ಕೂಡಿಸಿದರು. ಫ್ಯಾನು ಆರಿಸಿ ಬೆನ್ನು ತಿರುಗಿಸಿ ಕುಳಿತು ಶುರು ಮಾಡಿದರು. ನಾನು ರಾಜೂರ ಮಂದಿಯನ್ನು ಕಣ್ಣಿನಲ್ಲೇ ಹಿಡಿದಿಟ್ಟೆ. ನನ್ನ ಪಾಠ ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ ಒಬ್ಬನೂ ಉಸಿರು ಬಿಡಲಿಲ್ಲ. ಶಿವಪ್ಪಜ್ಜ ತೊಡೆ ತಟ್ಟದ ಹಾಗೆ ಎರಡೂ ಕೈಗಳನ್ನು ಕೆಳಗಿಟ್ಟುಕೊಂಡು ಅವುಗಳ ಮೇಲೇ ಕುಳಿತಿದ್ದ. ಹತ್ತು ನಿಮಿಷವಾಯಿತು. ದನಿ ಒಂದೊಂದಾಗಿ ಏಳುವುದು, ಸುತ್ತುವುದು, ಗೋಡೆಗೆ ಹೋಗಿ ಕೂಡುವುದು. ಬರುಬರುತ್ತ ನಡುನಡುವಿನ ಮೌನ ಉದ್ದವಾಗತೊಡಗಿತು. ಆಮೇಲೆ ಡಾಕ್ಟರಬಾಯಿಯ ಕೈಗಳು ಪಟ್ಟಿಗಳ ಮೇಲೆ ಸುಮ್ಮನೆ ನಿಂತುಬಿಟ್ಟವು. ಹಿಂದಿರುಗದೆಯೇ ಹೇಳಿದರು. "ಇದ ಕೋಣ್ಯಾಗ ಮಂದಿ ಹಿಂಗ ಕೂಡತಿದ್ರು. ನಾ ಅವರಿಗೆ ಕೆಟ್ಟ ಸುದ್ದಿ ಹೇಳಬೇಕಾದಾಗ. ನನಗ… ಮುಂದ ಹೋಗ್ಲಿಕ್ಕೆ ಆಗವಲ್ದು."

ಮೌನ ನನ್ನದೇ ಕರಾಮತ್ತು. ಈಗ ಅದನ್ನು ಮುರಿಯುವುದು ಹೇಗೆ ಎಂಬ ಪಾಠ ನನ್ನಲ್ಲಿರಲಿಲ್ಲ. ಡಾಕ್ಟರಬಾಯಿ ಒಂದೇ ಬೆರಳಿನಿಂದ ಒಂದು ಪಟ್ಟಿ ಒತ್ತಿದರು, ಮುಚ್ಚುವ ಮೊದಲು ಕೊನೆಯದೊಂದು ಎನ್ನುವ ಹಾಗೆ. ಆ ದನಿ ಕರಗಿ ಹೋಗುವಾಗ ಹಿಂದಿನ ಬೆಂಚಿನಿಂದ ನನ್ನ ಹೆಂಡತಿ, "ಹೂಂ" ಎಂದಳು.

ನಮ್ಮ ಕಡೆ ಒಬ್ಬರು ಕತೆ ಹೇಳಿದರೆ ಎದುರಿಗಿದ್ದವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆ ಹೇಳುವವರೂ ನಿಲ್ಲಿಸುತ್ತಾರೆ; ಕೇಳುವವರಿಗೆ ನಿದ್ದೆ ಹತ್ತಿತು ಅಥವಾ ಮನಸ್ಸಿಲ್ಲ ಎಂದು ಅರ್ಥ. ನೀಲವ್ವಳ ಅಜ್ಜಿ ಕತೆಗಳ ಗುಡಾಣ; ಆಕೆಯ ಬಾಲ್ಯವೆಲ್ಲ ಹೂಂ ಎನ್ನುವುದರಲ್ಲೇ ಕಳೆದಿತ್ತು. ಡಾಕ್ಟರಬಾಯಿಯ ಬೆನ್ನು ಸ್ವಲ್ಪ ನೆಟ್ಟಗಾಯಿತು. ಇನ್ನೆರಡು ಪಟ್ಟಿ ಒತ್ತಿದರು, ಪ್ರಶ್ನೆ ಕೇಳಿದ ಹಾಗೆ. "ಹೂಂ. ಆಮ್ಯಾಲ?" ಎಂದಳು ನೀಲವ್ವ. ನಾನು ಹಲ್ಲು ಕಚ್ಚಿ ಸನ್ನೆ ಮಾಡಿದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. ಆಮೇಲೆ ಎಡಗೈ ಹೊರಟಿತು, ಅದರ ಬೆನ್ನು ಹತ್ತಿ ಬಲಗೈ ಹೋಯಿತು. ಸಂಗೀತ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿತ್ತೋ ಅಲ್ಲಿ ಸರಿಯಾಗಿ ಒಂದು ಹೂಂ. ಸ್ವಲ್ಪ ಹೊತ್ತಿಗೆ ಶಿವಪ್ಪಜ್ಜ ಕೈಗಳನ್ನು ಬಿಡಿಸಿಕೊಂಡು, "ಹೂಂನವ್ವಾ" ಎಂದ. ಆಮೇಲೆ ಎಲ್ಲರೂ. ದನಿ ಕಾಡು ಹೊಕ್ಕಾಗ ಹೂಂ ಸಣ್ಣದಾಯಿತು, ಕಲ್ಲು ಉರುಳಿದ ಹಾಗೆ ಎರಡೂ ಕೈ ಕೆಳಗಿಳಿದಾಗ "ಅಯ್ಯಯ್ಯ" ಎಂದರು, ಮೇಲಿನ ಒಂದೇ ಪಟ್ಟಿ ಬಹಳ ಹೊತ್ತು ಮಿಣುಗುಟ್ಟಿದಾಗ ಯಾರೋ "ಪಾಪ" ಎಂದರು. ಬಿಸಿಲು ಬೆಂಚುಗಳನ್ನು ದಾಟಿ ಬಾಗಿಲಿಗೆ ಹೋಯಿತು. ಒಂದು ಗಂಟೆಯ ಮೇಲೆ ಎಲ್ಲ ನಿಂತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀಲವ್ವ ಎದ್ದು ಹೋಗಿ ಡಾಕ್ಟರಬಾಯಿಯ ಬಾಗಿದ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಛಲೋ ಹೇಳಿದ್ರಿ ಬಾಯಾರ" ಎಂದಳು. ಡಾಕ್ಟರಬಾಯಿ ಅತ್ತರು. ಈ ಸಲ ಅಳಿಸಿದವನು ನಾನಾಗಿರಲಿಲ್ಲ.

ರೊಟ್ಟಿ ಬಿಚ್ಚಿ ಕುಳಿತಾಗ ಡಾಕ್ಟರಬಾಯಿ ಎಲ್ಲರನ್ನೂ ಕೇಳಿದರು, ಏನು ಕೇಳಿಸಿತು ಎಂದು. ನೀಲವ್ವಳಿಗೆ ನೀರಿಗೆ ಹೋದ ಒಬ್ಬ ಹೆಣ್ಣುಮಗಳು ದಾರಿ ತಪ್ಪಿ, ತಪ್ಪಿದ ದಾರಿಯೇ ಛಲೋ ಇದೆ ಎಂದು ಮುಂದೆ ಹೋದದ್ದು ಕಂಡಿತ್ತು. ಶಿವಪ್ಪಜ್ಜನಿಗೆ ತನ್ನ ಹಳೆಯ ಎತ್ತು ಸಂಜೆ ತಾನೇ ತಾನಾಗಿ ಮನೆಗೆ ಬಂದದ್ದು ಕಂಡಿತ್ತು. "ನಿಮಗ, ಮಾನಪ್ಪ?" ಎಂದರು. ನಾನು ಇನ್ನೊಂದು ರೊಟ್ಟಿಗೆ ಕೈಚಾಚಿದೆ. ಯಾರು ಕೆಮ್ಮುತ್ತಾರೆ, ಯಾರು ತೊಡೆ ತಟ್ಟುತ್ತಾರೆ ಎಂದು ಕಾಯುವುದರಲ್ಲಿ ಆ ಒಂದು ಗಂಟೆ ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಅಂದಿನಿಂದ ನರಗುಂದದ ಫೋನು ನನಗೆ ಬರುವುದಿಲ್ಲ, ನೀಲವ್ವಳಿಗೆ ಬರುತ್ತದೆ. ತಿಂಗಳಿಗೆರಡು ಐತವಾರ ಆಕೆ ಹೋಗುತ್ತಾಳೆ. ನಾನು ಚೀಲ ಹಿಡಿದುಕೊಂಡು ಜೊತೆಗೆ ಹೋಗುತ್ತೇನೆ. ಬಲಗೈಯ ಆ ಎರಡು ಬೆರಳು ಈಗ ಪಟ್ಟಿ ಮುಟ್ಟುವುದಿಲ್ಲ. ಉಳಿದ ಎಂಟರಲ್ಲಿ ಡಾಕ್ಟರಬಾಯಿ ಬಾರಿಸುತ್ತಾರೆ. ಎಟುಕದ ದನಿಯ ಜಾಗ ಬಂದಾಗ ಅವರು ಅಲ್ಲಿ ಸುಮ್ಮನೆ ನಿಲ್ಲುತ್ತಾರೆ, ನೀಲವ್ವ ಅಷ್ಟೇ ಅಳತೆಯ ಒಂದು ಹೂಂ ಇಡುತ್ತಾಳೆ, ಮತ್ತೆ ಇಬ್ಬರೂ ಮುಂದೆ ಸಾಗುತ್ತಾರೆ. ಇದನ್ನು ಅವರಿಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ. ಕಳೆದ ಐತವಾರ ಬೆಂಚಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ನನಗೆ ಎದೆ ತುಂಬಿ ಬಂತು. ಮೂರು ತಾಲೂಕಿನ ಪೇಟಿಗಳನ್ನು ಬಲ್ಲ ನಾನು ತಡೆಯಲಾರದೆ, ಎಲ್ಲ ಅನುಭವವನ್ನೂ ಕೂಡಿಸಿ, ಒಂದು ಹೂಂ ಎಂದೆ. ಪಿಯಾನೋ ನಿಂತಿತು. ಇಬ್ಬರೂ ಹೆಂಗಸರು ತಿರುಗಿ ನನ್ನನ್ನು ನೋಡಿದರು. "ಇವರದು ಸ್ವಲ್ಪ ತಡಾ ಆಗ್ತದ, ಬಾಯಾರ," ಎಂದು ನೀಲವ್ವ ನನ್ನ ಪರವಾಗಿ ಕ್ಷಮೆ ಕೇಳಿದಳು. "ನೀವು ಹೇಳ್ರಿ, ನಾ ಕೇಳಾಕತ್ತೀನಿ."